ಕ್ಯಾಮೆರಾ ಇರೋದು ಗೂಡಿನ ಮೇಲೆ, ಸುದ್ದಿ ಬರೋದು ಕಡಲಿಂದ

ಆಲ್ಬಟ್ರಾಸ್ ಅನ್ನುವ ಕಡಲಹಕ್ಕಿಯ ಗೂಡಿನ ಲೈವ್ ಕ್ಯಾಮೆರಾ ಹಾಕಿಕೊಂಡು ಕೂತರೆ ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಮುಂದಿನ ಹತ್ತು ನಿಮಿಷವೂ ಅಷ್ಟೇ. ಹುಲ್ಲು ಅಲ್ಲಾಡುತ್ತದೆ, ಮೈಕಿಗೆ ಗಾಳಿ ಬಡಿದು ಗುಂಯ್ ಅನ್ನುತ್ತದೆ, ದೊಡ್ಡ ಬಿಳಿ ಹಕ್ಕಿಯೊಂದು ಕಣ್ಣು ಮುಚ್ಚಿಕೊಂಡು ಕೂತಿರುತ್ತದೆ. ಇದನ್ನೇ ಯಾವ್ಯಾವುದೋ ದೇಶದ ಜನ ಆಫೀಸ್ ಕೆಲಸದ ಮಧ್ಯೆ ಒಂದು ಟ್ಯಾಬಿನಲ್ಲಿ ತೆರೆದಿಟ್ಟುಕೊಂಡು ತಿಂಗಳುಗಟ್ಟಲೆ ನೋಡುತ್ತಾರೆ ಅಂದರೆ, ಇವರಿಗೇನು ಬೇರೆ ಕೆಲಸ ಇಲ್ವಾ ಅಂತ ಅನ್ನಿಸುವುದು ಸಹಜ.

ಏನನ್ನು ನೋಡಬೇಕು ಅಂತ ಗೊತ್ತಾದ ಮೇಲೆ ಮಾತ್ರ ಬಿಡೋಕಾಗಲ್ಲ. ಕಡಲಹಕ್ಕಿ ನೆಲಕ್ಕೆ ಬರುವುದೇ ಮೊಟ್ಟೆ ಇಡುವುದಕ್ಕೆ, ಮರಿ ಸಾಕುವುದಕ್ಕೆ. ಉಳಿದ ಬದುಕೆಲ್ಲ ನೀರಿನ ಮೇಲೆ. ಅಲ್ಲಿ ಏನು ನಡೆಯುತ್ತದೆ ಅಂತ ನಮಗೆ ಕಾಣುವುದಿಲ್ಲ. ಹಾಗಾಗಿ ಗೂಡಿನಲ್ಲಿ ಕಾಣುವ ಸಣ್ಣಪುಟ್ಟ ವಿಷಯಗಳೇ ಸುಳಿವು: ಜೋಡಿ ಹಕ್ಕಿ ಎಷ್ಟು ದಿನ ತಡವಾಗಿ ಬಂತು, ಗುಟುಕು ಎಷ್ಟು ಹೊತ್ತು ನಡೆಯಿತು, ಮರಿಯ ತೂಕ ಏರಿತೋ ಇಳಿಯಿತೋ. ನೂರಾರು ಕಿಲೋಮೀಟರ್ ಆಚೆಯ ಕಡಲಿನಲ್ಲಿ ಮೀನು ಸಿಗುತ್ತಿದೆಯೋ ಇಲ್ಲವೋ ಅನ್ನುವುದು ಇದರಿಂದಲೇ ತಿಳಿಯಬೇಕು.

ಮೊದಲು ಜಾಗ ಹೇಳಿಬಿಡುತ್ತೇನೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಡನೀಡಿನ್ ಅಂತ ಊರಿದೆ. ಅದರ ಪಕ್ಕದಲ್ಲಿ ಒಟಾಗೋ ಅನ್ನುವ ನೆಲದ ತುಂಡು ಕಡಲೊಳಗೆ ಚಾಚಿಕೊಂಡಿದೆ. ಅದರ ತುತ್ತತುದಿಯ ಗುಡ್ಡವೇ ತೈಯರೋವಾ ಹೆಡ್. ಮಾವೋರಿ ಜನ ಅದನ್ನು ಪುಕೆಕುರಾ ಅನ್ನುತ್ತಾರೆ, ಆಲ್ಬಟ್ರಾಸನ್ನು ತೊರೋವಾ ಅನ್ನುತ್ತಾರೆ. ಆಲ್ಬಟ್ರಾಸ್‌ಗಳು ಸಾಮಾನ್ಯವಾಗಿ ಗೂಡು ಕಟ್ಟುವುದು ಮನುಷ್ಯರ ಸುಳಿವೇ ಇಲ್ಲದ ನಡುಗಡ್ಡೆಗಳಲ್ಲಿ. ಜನ ಓಡಾಡುವ ಊರಿನ ಪಕ್ಕ, ಮುಖ್ಯ ನೆಲದ ಮೇಲೆ ಗೂಡು ಕಟ್ಟುವ ಇಂಥ ಜಾಗ ದಕ್ಷಿಣಾರ್ಧ ಗೋಳದಲ್ಲಿ ಇದೊಂದೇ. ಇಲ್ಲಿರುವುದು ನಾರ್ದರ್ನ್ ರಾಯಲ್ ಆಲ್ಬಟ್ರಾಸ್. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು 3 ಮೀಟರ್.

ಜನ ಹತ್ತಿರ ಇದ್ದದ್ದೇ ಮೊದಮೊದಲು ಈ ಹಕ್ಕಿಗಳಿಗೆ ಕಷ್ಟವಾಗಿತ್ತು. 1920ರ ಆಸುಪಾಸಿನಿಂದಲೇ ಇಲ್ಲಿ ಮೊಟ್ಟೆ ಕಾಣಿಸುತ್ತಿದ್ದವು, ಆದರೆ ಒಂದೂ ಮರಿ ಬದುಕಿ ಹಾರಲಿಲ್ಲ. ಮೊಟ್ಟೆಯನ್ನು ಯಾರೋ ಎತ್ತಿಕೊಂಡು ಹೋಗುತ್ತಿದ್ದರು, ಇಲ್ಲವೇ ಪ್ರಾಣಿಗಳ ಬಾಯಿಗೆ ಬೀಳುತ್ತಿತ್ತು. ಲ್ಯಾನ್ಸ್ ರಿಚ್‌ಡೇಲ್ ಅಂತ ಡನೀಡಿನ್ನಿನ ಒಬ್ಬರು ಮೇಷ್ಟ್ರು, ಹಕ್ಕಿಯ ಹುಚ್ಚು ಇದ್ದವರು, ಕೊನೆಗೆ ಅಲ್ಲೇ ಡೇರೆ ಹಾಕಿಕೊಂಡು ಗೂಡಿಗೆ ಕಾವಲು ಕೂತರು. 1938ರಲ್ಲಿ ಮೊದಲ ಮರಿ ಹಾರಿತು. ಇವತ್ತು ಅಲ್ಲಿ ಕಾವಲಿಗೆ ಸರ್ಕಾರದ ಸಂರಕ್ಷಣಾ ಇಲಾಖೆಯ ರೇಂಜರ್‌ಗಳಿದ್ದಾರೆ. 2016ರಿಂದ ಒಂದು ಗೂಡಿಗೆ ದಿನದ 24 ಗಂಟೆಯೂ ಲೈವ್ ಕ್ಯಾಮೆರಾ ಇದೆ, ಹೆಸರು ರಾಯಲ್ ಕ್ಯಾಮ್. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರವೂ ಆಮೇಲೆ ಇದಕ್ಕೆ ಕೈಜೋಡಿಸಿದೆ. ಯೂಟ್ಯೂಬಿನಲ್ಲಿ ಯಾರು ಬೇಕಾದರೂ ನೋಡಬಹುದು.

ಈಗ ಕತೆ ನಡೆಯುವ ಕ್ರಮ. ನವೆಂಬರ್ ಹೊತ್ತಿಗೆ ಮೊಟ್ಟೆ ಇಡುತ್ತವೆ, ಒಂದೇ ಒಂದು. ಕಾವು ಕೂರುವುದು ಸುಮಾರು 80 ದಿನ. ಗಂಡು ಹೆಣ್ಣು ಸರದಿಯ ಮೇಲೆ ಕೂರುತ್ತವೆ. ಒಂದು ಕೂತಾಗ ಇನ್ನೊಂದು ಕಡಲಿಗೆ ಹೋಗುತ್ತದೆ, ಹೋದದ್ದು ಹಲವು ದಿನ ಬರುವುದಿಲ್ಲ, ಅಲ್ಲಿಯ ತನಕ ಕೂತ ಹಕ್ಕಿಗೆ ಊಟವಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ನಿಮಗೆ ಬೇಜಾರು ತರಿಸಿದ ಆ 'ಏನೂ ಆಗದ' ಹತ್ತು ನಿಮಿಷ ಇದೇ ಉಪವಾಸದ ಒಂದು ತುಣುಕು. ಹೋದದ್ದು ಬೇಗ ಬಂದರೆ ಕಡಲು ಕೊಟ್ಟಿದೆ ಅಂತ ಅರ್ಥ. ದಿನಗಳು ಉದ್ದವಾಗುತ್ತಾ ಹೋದರೆ ನೋಡುವವರಿಗೆ ಚಡಪಡಿಕೆ ಶುರುವಾಗುತ್ತದೆ, ಯಾಕೆಂದರೆ ಕೂತ ಹಕ್ಕಿಯ ತಾಳ್ಮೆಗೂ ಒಂದು ಮಿತಿ ಇದೆ.

ಯಾವುದು ಅಪ್ಪ, ಯಾವುದು ಅಮ್ಮ ಅಂತ ಗೊತ್ತಾಗುವುದು ಹೇಗೆ? ಕಾಲು ನೋಡಬೇಕು. ಕಾಲಿಗೆ ಬಣ್ಣದ ಬಳೆಗಳನ್ನು ಹಾಕಿರುತ್ತಾರೆ, ಬಣ್ಣಗಳ ಇಂಗ್ಲಿಷ್ ಹೆಸರಿನ ಒಂದೊಂದು ಅಕ್ಷರ ಸೇರಿದರೆ ಅದೇ ಹಕ್ಕಿಯ ಹೆಸರು. ಎಲ್‌ಜಿಕೆ ಅಂದರೆ ನಿಂಬೆ ಬಣ್ಣ (ಲೈಮ್), ಹಸಿರು (ಗ್ರೀನ್), ಕಪ್ಪು (ಬ್ಲ್ಯಾಕ್ ಪದದ ಕೊನೆಯ ಅಕ್ಷರ ಕೆ). ಎಲ್‌ಜಿಎಲ್ ಅಂದರೆ ನಿಂಬೆ, ಹಸಿರು, ಮತ್ತೆ ನಿಂಬೆ. ಈ ಇಬ್ಬರೂ ಕ್ಯಾಮೆರಾ ನೋಡುವವರಿಗೆ ಚಿರಪರಿಚಿತ ದಂಪತಿ, ಎಲ್‌ಜಿಕೆ ಅಪ್ಪ, ಎಲ್‌ಜಿಎಲ್ ಅಮ್ಮ. 2019ರಲ್ಲಿ ಇವರ ಮರಿ ಕರೇರೆ, 2021ರಲ್ಲಿ ತಿಯಾಕಿ. ಮಧ್ಯೆ ಒಂದು ವರ್ಷ ಬಿಟ್ಟದ್ದು ಗಮನಿಸಿದಿರಾ? ಒಂದು ಮರಿ ಸಾಕಿ ಹಾರಿಸುವಷ್ಟರಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಮುಗಿದು ಹೋಗಿರುತ್ತದೆ. ಹಾಗಾಗಿ ಮರುವರ್ಷ ರಜೆ. ಕ್ಯಾಮೆರಾ ಅಷ್ಟರಲ್ಲಿ ಇನ್ನೊಂದು ಜೋಡಿಯ ಕಡೆ ತಿರುಗಿರುತ್ತದೆ.

ಹತ್ತಿರದಿಂದ ನೋಡುವಂಥ ಒಂದು ವಿಷಯ ಹೇಳುತ್ತೇನೆ. ಕಡಲಿಂದ ಈಗಷ್ಟೇ ಬಂದ ಹಕ್ಕಿಯ ಕೊಕ್ಕಿನ ತುದಿ ನೋಡಿ. ಅಲ್ಲಿ ಒಂದು ಹನಿ ತೂಗಾಡುತ್ತಿರುತ್ತದೆ, ಬೀಳುತ್ತದೆ, ಮತ್ತೊಂದು ಹನಿ ಕೂಡಿಕೊಳ್ಳುತ್ತದೆ. ನೆಗಡಿ ಅಲ್ಲ. ಕಡಲಹಕ್ಕಿ ಕುಡಿಯುವುದು ಉಪ್ಪುನೀರು, ತಿನ್ನುವುದೂ ಉಪ್ಪಿನಂಶದ್ದೇ. ಜಾಸ್ತಿಯಾದ ಉಪ್ಪನ್ನು ಕಣ್ಣಿನ ಮೇಲ್ಗಡೆ ಇರುವ ಗ್ರಂಥಿಗಳು ರಕ್ತದಿಂದ ಸೋಸಿ ಹೊರಗೆ ಹಾಕುತ್ತವೆ. ಅದು ಮೂಗಿನ ಕೊಳವೆಯಿಂದ ಇಳಿದು, ಕೊಕ್ಕಿನ ಪಕ್ಕದ ಗೀರಿನಲ್ಲಿ ಹರಿದು, ತುದಿಗೆ ಬಂದು ತೊಟ್ಟಿಕ್ಕುತ್ತದೆ.

ಮರಿ ಹೊರಗೆ ಬರುವುದು ಜನವರಿ ಕೊನೆ, ಫೆಬ್ರವರಿ. ಈ ಹೊತ್ತಿನಲ್ಲಿ ತೈಯರೋವಾದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಮೊಟ್ಟೆ ಒಡೆಯುವ ಸೂಚನೆ ಕಂಡ ಕೂಡಲೇ ರೇಂಜರ್ ಬಂದು ಹಕ್ಕಿಯ ಕೆಳಗಿನಿಂದ ಮೊಟ್ಟೆ ತೆಗೆದು, ಅದೇ ಗಾತ್ರದ ನಕಲಿ ಮೊಟ್ಟೆ ಇಟ್ಟು ಹೋಗುತ್ತಾರೆ. ಹಕ್ಕಿ ಅದರ ಮೇಲೇ ನೆಮ್ಮದಿಯಾಗಿ ಕೂತಿರುತ್ತದೆ. ಅಸಲಿ ಮೊಟ್ಟೆ ಇನ್‌ಕ್ಯುಬೇಟರಿನಲ್ಲಿ ಒಡೆಯುತ್ತದೆ, ಮರಿ ಒಣಗಿ ಗಟ್ಟಿಯಾದ ಮೇಲೆ ವಾಪಸ್ ಗೂಡಿಗೆ. ಕಾರಣ ನೊಣ. ಒಡೆಯುತ್ತಿರುವ ಮೊಟ್ಟೆಯ ಹಸಿ ಬಿರುಕಿನಲ್ಲಿ ನೊಣಗಳು ಮೊಟ್ಟೆ ಇಟ್ಟರೆ ಹುಳು ಹುಟ್ಟಿ ಮರಿಯನ್ನು ಜೀವಂತ ತಿಂದುಬಿಡುತ್ತವೆ.

ಗುಟುಕು ಕೊಡುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಮರಿ ಅಪ್ಪನ ಅಥವಾ ಅಮ್ಮನ ಕೊಕ್ಕಿಗೆ ಟಕಟಕ ಅಂತ ಕುಟ್ಟುತ್ತದೆ, ಕೀರಲು ದನಿಯಲ್ಲಿ ಬೇಡುತ್ತದೆ. ದೊಡ್ಡ ಹಕ್ಕಿ ಬಗ್ಗಿ, ಕತ್ತು ಕುಗ್ಗಿಸಿ, ಒಳಗಿನಿಂದ ಒತ್ತಿ ತರುತ್ತದೆ. ಮರಿ ತನ್ನ ಕೊಕ್ಕನ್ನು ಅದರ ಕೊಕ್ಕಿನೊಳಗೆ ಅಡ್ಡಕ್ಕೆ ಇಟ್ಟು ಹಿಡಿಯುತ್ತದೆ, ಒಂದು ಹನಿಯೂ ನೆಲಕ್ಕೆ ಬೀಳದ ಹಾಗೆ. ಬರುವುದು ಅರ್ಧ ಕರಗಿದ ಮೀನು, ಸ್ಕ್ವಿಡ್ ಅನ್ನುವ ಮೆತ್ತನೆ ಮೈಯ ಕಡಲಜೀವಿ, ಜತೆಗೆ ಗಾಢವಾದ ಎಣ್ಣೆ. ಇದರಲ್ಲಿ ಎಣ್ಣೆಯೇ ಮುಖ್ಯ. ನೂರಾರು ಕಿಲೋಮೀಟರ್ ದೂರದಿಂದ ಇಡೀ ಮೀನು ಹೊತ್ತು ತರುವುದು ನಷ್ಟದ ವ್ಯಾಪಾರ. ನೀರಿನಂಶ ಕಳೆದು ಕೊಬ್ಬನ್ನು ಮಾತ್ರ ಉಳಿಸಿಕೊಂಡರೆ ಕಡಿಮೆ ತೂಕದಲ್ಲಿ ಜಾಸ್ತಿ ಶಕ್ತಿ. ಹೊಟ್ಟೆಯಲ್ಲೇ ಆ ಕೆಲಸ ನಡೆಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಗುಟುಕು ಸಿಕ್ಕರೂ ಮರಿ ದುಂಡಗಾಗುವುದು ಇದರಿಂದಲೇ. ಹೊಸದಾಗಿ ನೋಡುವವರು ಸಾಮಾನ್ಯವಾಗಿ 'ಪಾಪ, ಮರಿ ಎರಡು ದಿನದಿಂದ ಉಪವಾಸ' ಅಂತ ಕೊರಗುತ್ತಾರೆ. ಗುಬ್ಬಚ್ಚಿ ಮರಿಗಾದರೆ ಎರಡು ದಿನ ಅಂದರೆ ಸಾವು. ಆಲ್ಬಟ್ರಾಸ್ ಮರಿಗೆ ಅದು ಲೆಕ್ಕಕ್ಕೇ ಇಲ್ಲ.

ಮೊದಲ ಒಂದು ತಿಂಗಳು ಚಿಲ್ಲರೆ ಯಾರಾದರೊಬ್ಬರು ಮರಿಯ ಪಕ್ಕ ಇರುತ್ತಾರೆ. ಆಮೇಲೆ ಇಬ್ಬರೂ ಕಡಲಿಗೆ. ಮರಿ ಒಂಟಿ. ಇಲ್ಲಿಂದ ಮುಂದಿನ ತಿಂಗಳುಗಳೇ ನನ್ನ ಮಟ್ಟಿಗೆ ಈ ಕ್ಯಾಮೆರಾದ ಸೊಗಸು. ಬಿಳಿ ತುಪ್ಪಳದ ಗುಡ್ಡೆಯೊಂದು ಕೂತಲ್ಲೇ ಹುಲ್ಲು ಕಿತ್ತು ಕಿತ್ತು ಪಕ್ಕಕ್ಕೆ ಇಟ್ಟುಕೊಳ್ಳುತ್ತದೆ, ಆಟಕ್ಕೊಂದು ಗೂಡು ಕಟ್ಟುತ್ತದೆ, ಅದು ಸರಿಯಾಗಲಿಲ್ಲ ಅಂತ ಎರಡು ಹೆಜ್ಜೆ ಆಚೆ ಇನ್ನೊಂದು ಕಟ್ಟುತ್ತದೆ. ಅಪರಿಚಿತರು ಹತ್ತಿರ ಬಂದರೆ ಕೊಕ್ಕು ಕಟಕಟಿಸುತ್ತದೆ. ತೀರಾ ಹತ್ತಿರ ಬಂದರೆ ಅದೇ ಎಣ್ಣೆಯನ್ನು ಮುಖಕ್ಕೆ ಉಗಿಯುತ್ತದೆ.

ರೇಂಜರ್‌ಗಳು ಮರಿಯನ್ನು ಆಗಾಗ ಚೀಲದಲ್ಲಿ ಹಾಕಿ ತೂಕ ಮಾಡುತ್ತಾರೆ, ಮರಿ ಕೋಪದಿಂದ ಒದ್ದಾಡುತ್ತದೆ, ನೋಡುವವರು ಸಂಖ್ಯೆಗೆ ಕಾಯುತ್ತಿರುತ್ತಾರೆ. ಚಳಿಗಾಲದ ಹೊತ್ತಿಗೆ ಮರಿ 10 ಕಿಲೋ ದಾಟುವುದುಂಟು, ಅಪ್ಪ-ಅಮ್ಮನಿಗಿಂತ ಭಾರ. ಹಾರುವ ಮೊದಲು ಅದರಲ್ಲಿ ಒಂದಿಷ್ಟು ಇಳಿಯಬೇಕು, ಇಳಿಯುತ್ತದೆ ಕೂಡ. ಆದರೆ ನಡುವೆಯೇ ತೂಕ ಕುಸಿದರೆ ಕಡಲಿನಲ್ಲಿ ಏನೋ ಎಡವಟ್ಟಾಗಿದೆ ಅಂತ ಅರ್ಥ: ಒಂದೋ ಮೀನು ದೂರ ಹೋಗಿದೆ, ಇಲ್ಲ ಇಬ್ಬರಲ್ಲಿ ಒಬ್ಬರು ಬರುತ್ತಿಲ್ಲ. ಆಲ್ಬಟ್ರಾಸ್ ಬಾರದಿರುವುದಕ್ಕೆ ಒಂದು ದೊಡ್ಡ ಕಾರಣ ಮೀನುಗಾರಿಕೆಯ ಉದ್ದದ ಗಾಳದ ಹಗ್ಗಗಳು. ಗಾಳಕ್ಕೆ ಕಟ್ಟಿದ ಮೀನಿಗೆ ಎರಗಿ ಸಿಕ್ಕಿಬಿದ್ದು ಹಕ್ಕಿಗಳು ಮುಳುಗಿ ಸಾಯುತ್ತವೆ. ಒಬ್ಬರೇ ತಂದು ಹಾಕಿ ಸಾಲದಾದಾಗ ರೇಂಜರ್‌ಗಳು ಮೀನು, ಸ್ಕ್ವಿಡ್ ತಿನ್ನಿಸುತ್ತಾರೆ. ಬಿಸಿಲು ಜೋರಾಗಿ ಗಾಳಿ ನಿಂತ ದಿನ ಗೂಡುಗಳ ಮೇಲೆ ಸ್ಪ್ರಿಂಕ್ಲರ್ ನೀರು ಚಿಮುಕಿಸುತ್ತಾರೆ.

ಎಲ್ಲ ಕಡೆ ಹೀಗೆ ಮಾಡುವುದಿಲ್ಲ, ಮಾಡಲೂ ಆಗುವುದಿಲ್ಲ. ಅಮೆರಿಕದ ಮೇನ್ ರಾಜ್ಯದ ಕರಾವಳಿಯಲ್ಲಿ ಪಫಿನ್ ಹಕ್ಕಿಗಳ ನಡುಗಡ್ಡೆಗಳಿವೆ. ಬೇಟೆಯಿಂದ ಅಲ್ಲಿ ಹೆಚ್ಚುಕಮ್ಮಿ ಅಳಿದೇ ಹೋಗಿದ್ದ ಪಫಿನ್‌ಗಳನ್ನು ಸ್ಟೀಫನ್ ಕ್ರೆಸ್ ಅನ್ನುವವರು 1973ರಿಂದ ಕೆನಡಾದ ಮರಿಗಳನ್ನು ತಂದು ಸಾಕಿ, ಮರದ ಗೊಂಬೆ ಹಕ್ಕಿಗಳನ್ನು ನಿಲ್ಲಿಸಿ, ಮತ್ತೆ ನೆಲೆಯೂರಿಸಿದರು. 2012ರ ಬೇಸಿಗೆಯಲ್ಲಿ ಅಲ್ಲಿನ ಒಂದು ಬಿಲದೊಳಗಿನ ಕ್ಯಾಮೆರಾದಲ್ಲಿ ಜನ ಪೀಟಿ ಅನ್ನುವ ಮರಿಯನ್ನು ನೋಡುತ್ತಿದ್ದರು. ಆ ವರ್ಷ ಮೇನ್ ಕೊಲ್ಲಿಯ ನೀರು ಹಿಂದೆಂದೂ ಇಲ್ಲದಷ್ಟು ಬೆಚ್ಚಗಾಗಿತ್ತು. ಪಫಿನ್ ಮರಿಗಳು ತಿನ್ನುವ ಹೆರಿಂಗ್, ಹೇಕ್ ಥರದ ತೆಳ್ಳಗಿನ ಮೀನು ಕಡಿಮೆಯಾಗಿ, ಬಟರ್‌ಫಿಶ್ ಅನ್ನುವ ಅಗಲ ಮೈಯ ಮೀನು ಬಂತು. ಪಫಿನ್ ಆಲ್ಬಟ್ರಾಸಿನ ಹಾಗೆ ಕರಗಿಸಿ ಕೊಡುವುದಿಲ್ಲ, ಮೀನನ್ನು ಕೊಕ್ಕಿನಲ್ಲಿ ಅಡ್ಡ ಕಚ್ಚಿ ತಂದು ಇಡಿಯಾಗಿ ಮುಂದೆ ಹಾಕುತ್ತದೆ. ಮರಿ ಅದನ್ನು ಇಡಿಯಾಗಿಯೇ ನುಂಗಬೇಕು. ಪೀಟಿ ಎತ್ತಿಕೊಂಡಿತು, ನುಂಗಲು ನೋಡಿತು, ಬೀಳಿಸಿತು, ಮತ್ತೆ ಎತ್ತಿತು. ಅಪ್ಪ-ಅಮ್ಮ ತರುತ್ತಲೇ ಇದ್ದರು. ಮುಂದೆ ಮೀನು ಬಿದ್ದಿರುವಾಗಲೇ ಮರಿ ಹಸಿವಿನಿಂದ ಸತ್ತಿತು, ಸಾವಿರಾರು ಜನರ ಕಣ್ಣೆದುರಿಗೆ. ಕಡಲು ಬಿಸಿಯಾಗುವುದು ಅಂದರೆ ಏನು ಅಂತ ಯಾವ ನಕ್ಷೆ ತೋರಿಸಿದರೂ ಅಷ್ಟು ನೇರವಾಗಿ ತಟ್ಟುತ್ತಿರಲಿಲ್ಲ.

ಆಗ ಜನ ಕೇಳುವುದು ಒಂದೇ: ಯಾರಾದರೂ ಹೋಗಿ ಆ ಮೀನನ್ನು ತುಂಡು ಮಾಡಿ ಹಾಕಬಾರದಿತ್ತಾ? ನ್ಯಾಯವಾದ ಪ್ರಶ್ನೆಯೇ. ಉತ್ತರ ಜಾಗದಿಂದ ಜಾಗಕ್ಕೆ ಬೇರೆ. ಬಿಲ ತೋಡಿಕೊಂಡ ನೂರಾರು ಜೋಡಿಗಳಲ್ಲಿ ಕ್ಯಾಮೆರಾ ಇರುವ ಒಂದಕ್ಕೆ ಮಾತ್ರ ಊಟ ಹಾಕಿದರೆ ಉಳಿದವುಗಳಿಗೆ ಏನೂ ಪ್ರಯೋಜನ ಇಲ್ಲ, ಆ ವರ್ಷದ ಕಡಲಿನ ನಿಜ ಸ್ಥಿತಿಯೂ ಮುಚ್ಚಿಹೋಗುತ್ತದೆ. ತೈಯರೋವಾದಲ್ಲಿ ಗೂಡುಗಳು ಕಡಿಮೆ, ಜಾತಿಯೇ ಅಪಾಯದ ಅಂಚಿನಲ್ಲಿದೆ, ಮೇಲಾಗಿ ಅಲ್ಲಿ ಮೊದಲಿನಿಂದಲೂ ಮನುಷ್ಯನಿಂದ, ಮನುಷ್ಯ ತಂದ ಪ್ರಾಣಿಗಳಿಂದ ಮೊಟ್ಟೆ, ಮರಿಗಳು ಹಾಳಾಗುತ್ತಿದ್ದವು. ಕ್ಯಾಮೆರಾ ಇರಲಿ ಬಿಡಲಿ, ಪ್ರತಿ ಗೂಡಿಗೂ ಅದೇ ಆರೈಕೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ಸರಿ ಅನ್ನಿಸದಿರುವುದು, ನಾವು ನೋಡುತ್ತಿದ್ದೇವೆ ಅನ್ನುವ ಒಂದೇ ಕಾರಣಕ್ಕೆ ಒಂದು ಮರಿಗೆ ವಿಶೇಷ ಉಪಚಾರ ಕೇಳುವುದು.

ಅಪ್ಪ-ಅಮ್ಮ ಕೆಲವೊಮ್ಮೆ ಗೂಡು ಬಿಟ್ಟು ಹೋಗುವುದೂ ಇದೆ. ಆಗ ಬೈಯುವವರು ಜಾಸ್ತಿ. ಆದರೆ ಲೆಕ್ಕ ನೋಡಿ. ತೈಯರೋವಾದಲ್ಲಿ 'ಅಜ್ಜಿ' ಅಂತಲೇ ಎಲ್ಲರೂ ಕರೆಯುತ್ತಿದ್ದ ಒಂದು ಹಕ್ಕಿ ಇತ್ತು. 1937ರಲ್ಲಿ ಕಾಲಿಗೆ ಬಳೆ ಹಾಕಿದಾಗಲೇ ಅದು ಮೊಟ್ಟೆ ಇಡುವ ವಯಸ್ಸಿನದು. ಕೊನೆಯ ಸಲ ಕಂಡದ್ದು 1989ರಲ್ಲಿ, ಅಂದರೆ ಕಡಿಮೆ ಅಂದರೂ 60 ದಾಟಿತ್ತು. ಇಷ್ಟು ವರ್ಷ ಬದುಕುವ ಹಕ್ಕಿ ಈ ವರ್ಷದ ಒಂದು ಮರಿಗಾಗಿ ತನ್ನ ಜೀವ ಪಣಕ್ಕಿಟ್ಟರೆ ಮುಂದೆ ಬರಬಹುದಾದ ಹತ್ತಾರು ಮರಿಗಳು ಹೋದ ಹಾಗೆ. ಕಡಲು ಕೊಡದ ವರ್ಷ ತಾನು ಉಳಿದುಕೊಳ್ಳುವುದೇ ಅದಕ್ಕೆ ಗೊತ್ತಿರುವ ದಾರಿ.

ವಿಜ್ಞಾನಿಗಳಿಗೆ ಇದರಿಂದ ಏನು ಉಪಯೋಗ ಅಂತ ಕೇಳಿದರೆ ಸ್ವೀಡನ್ನಿನ ಉದಾಹರಣೆ ಹೇಳಬೇಕು. ಬಾಲ್ಟಿಕ್ ಕಡಲಿನ ಸ್ಟೋರಾ ಕಾರ್ಲ್‌ಸೋ ದ್ವೀಪದ ಕಡಿದಾದ ಬಂಡೆಗಳಲ್ಲಿ ಗಿಲೆಮಾಟ್ ಅನ್ನುವ ಕಪ್ಪು-ಬಿಳಿ ಹಕ್ಕಿಗಳು ಗೂಡೇ ಕಟ್ಟದೆ ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತವೆ. 2008ರಲ್ಲಿ ಸಂಶೋಧಕರು ಅಲ್ಲೊಂದು ಕೃತಕ ಬಂಡೆಯನ್ನೇ ಕಟ್ಟಿದರು. ಹೊರಗೆ ಹಕ್ಕಿ, ಒಳಗೆ ಮನುಷ್ಯ. 2020ರಲ್ಲಿ ಕೊರೊನಾದಿಂದ ಪ್ರವಾಸಿಗರು ಬರಲಿಲ್ಲ. ಹಕ್ಕಿಗಳಿಗೆ ನೆಮ್ಮದಿ ಸಿಕ್ಕಿತು ಅಂದುಕೊಳ್ಳುತ್ತೀರಿ, ಅಲ್ವಾ? ಆದದ್ದು ಉಲ್ಟಾ. ಜನಕ್ಕೆ ಹೆದರಿ ದೂರ ಇರುತ್ತಿದ್ದ ಬಿಳಿಬಾಲದ ಕಡಲಹದ್ದುಗಳು ಧೈರ್ಯವಾಗಿ ಬಂದವು. ಹದ್ದು ಬಂದಾಗಲೆಲ್ಲ ಗಿಲೆಮಾಟ್‌ಗಳು ಒಟ್ಟಿಗೆ ಎದ್ದು ಹಾರಿದವು, ಮೊಟ್ಟೆಗಳು ಉರುಳಿಬಿದ್ದವು, ಉಳಿದದ್ದನ್ನು ಗಲ್ ಹಕ್ಕಿಗಳು, ಕಾಗೆಗಳು ಹೊತ್ತೊಯ್ದವು. ಆ ವರ್ಷ ಮರಿಗಳಾದದ್ದು ಮಾಮೂಲಿಗಿಂತ 26% ಕಡಿಮೆ. ಅದೇ ಬಂಡೆಯ ವಿಡಿಯೋಗಳಿಂದ ಬಿಸಿಲಿನ ಕತೆಯೂ ಸಿಕ್ಕಿತು: ಬಿಸಿಲೇರಿದ ದಿನ ಹಕ್ಕಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ, ತಡೆಯಲಾರದಾದಾಗ ಮೊಟ್ಟೆ ಬಿಟ್ಟು ಎದ್ದು ಹೋಗುತ್ತವೆ.

ರಾತ್ರಿಯ ಚಿತ್ರ ಕಪ್ಪು-ಬಿಳುಪು ಯಾಕೆ ಅಂದರೆ ಅದು ಇನ್‌ಫ್ರಾರೆಡ್ ಬೆಳಕು, ಹಕ್ಕಿಯ ಕಣ್ಣಿಗೆ ಕಾಣುವುದಿಲ್ಲ. ಬರ್ಮುಡಾದ ಕಹೌ ಅನ್ನುವ ಕಡಲಹಕ್ಕಿಯನ್ನು ಗೂಡಿನಲ್ಲಿ ಬೇರೆ ಥರ ನೋಡುವುದು ಕಷ್ಟ. ಅದು ಬಿಲಕ್ಕೆ ಬಂದು ಹೋಗುವುದು ಕತ್ತಲಲ್ಲಿ ಮಾತ್ರ. ಮುನ್ನೂರು ವರ್ಷ ಅಳಿದೇ ಹೋಗಿದೆ ಅಂದುಕೊಂಡಿದ್ದು 1951ರಲ್ಲಿ ಮತ್ತೆ ಸಿಕ್ಕಿದ ಹಕ್ಕಿ ಅದು. ಈಗ ನಾನ್‌ಸಚ್ ದ್ವೀಪದ ಬಿಲದೊಳಗಿನ ಕ್ಯಾಮೆರಾದಲ್ಲಿ ಅದು ಮೊಟ್ಟೆಗೆ ಕಾವು ಕೊಡುವುದನ್ನು ನಾವು ಮಲಗಿಕೊಂಡು ನೋಡಬಹುದು.

ಒಂದು ಎಚ್ಚರಿಕೆ. ಕ್ಯಾಮೆರಾ ಇರುವುದು ಕರೆಂಟ್, ಇಂಟರ್‌ನೆಟ್ ಎಳೆಯಬಹುದಾದ ಜಾಗದಲ್ಲಿ. ನಾರ್ದರ್ನ್ ರಾಯಲ್ ಆಲ್ಬಟ್ರಾಸ್‌ಗಳಲ್ಲಿ ನೂರಕ್ಕೆ 99 ಗೂಡು ಕಟ್ಟುವುದು ತೈಯರೋವಾದಲ್ಲಿ ಅಲ್ಲ, ಅಲ್ಲಿಂದ ಸುಮಾರು 1000 ಕಿ.ಮೀ. ಪೂರ್ವಕ್ಕೆ ಇರುವ ಚಾಥಮ್ ದ್ವೀಪಗಳ ಬರಡು ಬಂಡೆಗಳ ಮೇಲೆ. 1985ರಲ್ಲಿ ಒಂದು ಬಿರುಗಾಳಿ ಅಲ್ಲಿನ ಮಣ್ಣು, ಗಿಡಗಳನ್ನು ಕೆರೆದುಕೊಂಡು ಹೋಯಿತು. ಗೂಡು ಕಟ್ಟಲು ಸಾಮಾನು ಸಿಗದೆ ಎಷ್ಟೋ ಹಕ್ಕಿಗಳು ಬರಿಗಲ್ಲಿನ ಮೇಲೆ ಮೊಟ್ಟೆ ಇಟ್ಟವು, ಮೊಟ್ಟೆಗಳು ಒಡೆದವು. ಅಲ್ಲಿ ರೇಂಜರ್ ಇಲ್ಲ, ಸ್ಪ್ರಿಂಕ್ಲರ್ ಇಲ್ಲ. ಲೈವಿನಲ್ಲಿ ಮರಿ ದುಂಡಗಿದೆ ಅಂದಮಾತ್ರಕ್ಕೆ ಜಾತಿ ಕ್ಷೇಮವಾಗಿದೆ ಅಂತ ಅಲ್ಲ.

ಇಷ್ಟು ದೊಡ್ಡ ಹಕ್ಕಿ ನಮ್ಮ ಕಡೆ ಯಾಕೆ ಬರುವುದಿಲ್ಲ ಅಂತ ಕೆಲವರು ಕೇಳುತ್ತಾರೆ. ಆಲ್ಬಟ್ರಾಸ್ ರೆಕ್ಕೆ ಬಡಿಯುವುದೇ ಕಡಿಮೆ, ಭುಜದಲ್ಲಿ ರೆಕ್ಕೆಯನ್ನು ಬಿಗಿದು ನಿಲ್ಲಿಸುವ ಸ್ನಾಯುರಜ್ಜುವಿನ ಪಟ್ಟಿ ಇದೆ. ಅಲೆಯ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಈ ವ್ಯತ್ಯಾಸದಲ್ಲಿ ಏರಿ ಇಳಿದು ಪುಕ್ಕಟೆ ಸಾಗುತ್ತದೆ. ಸಮಭಾಜಕದ ಸುತ್ತ ಗಾಳಿ ಸತ್ತಂತಿರುತ್ತದೆ. ಅದನ್ನು ದಾಟುವುದು ಅದಕ್ಕೆ ದುಬಾರಿ. ನಮ್ಮ ಕರಾವಳಿಯಲ್ಲಿ ಕಡಲಹಕ್ಕಿ ಕೈಗೆ ಸಿಗುವುದೇನಿದ್ದರೂ ಮುಂಗಾರಿನ ಗಾಳಿಗೆ ಸುಸ್ತಾಗಿ ದಡಕ್ಕೆ ಬಿದ್ದ ಬೂಬಿ, ಟರ್ನ್‌ಗಳು. 2021ರಲ್ಲಿ ರಾಯಲ್ ಕ್ಯಾಮಿನ ಮುಂದೆ ಒಂದು ಆಲ್ಬಟ್ರಾಸ್ ಇಳಿಯುವಾಗ ಮುಗ್ಗರಿಸಿ ತಲೆಕೆಳಗಾಗಿ ಬಿದ್ದ ವಿಡಿಯೋ ಎಲ್ಲ ಕಡೆ ಓಡಾಡಿತು. ನೀವೂ ನೋಡಿರಬಹುದು. ಗಾಳಿಯಲ್ಲಿ ರಾಜ, ನೆಲದಲ್ಲಿ ಇಷ್ಟೇ.

ನೋಡಬೇಕು ಅಂದರೆ ಹೊತ್ತು ಗೊತ್ತಿರಲಿ. ನ್ಯೂಜಿಲೆಂಡ್ ನಮಗಿಂತ ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಆರೂವರೆ ಗಂಟೆ ಮುಂದೆ, ಉಳಿದ ಕಾಲ ಏಳೂವರೆ. ನಮ್ಮ ಬೆಳಗಿನ ಕಾಫಿ ಹೊತ್ತಿಗೆ ಅಲ್ಲಿ ಮಧ್ಯಾಹ್ನ. ಜೂನ್-ಜುಲೈಯಲ್ಲಿ ನಮ್ಮ ಬೆಳಗಿನ ಹನ್ನೊಂದಕ್ಕೆಲ್ಲ ಅಲ್ಲಿ ಸೂರ್ಯ ಮುಳುಗಿರುತ್ತಾನೆ, ರಾತ್ರಿ ಊಟ ಮಾಡಿ ಕೂತರೆ ಬೂದು ಬಣ್ಣದ ಗುಡ್ಡೆಯೊಂದು ಉಸಿರಾಡುವುದು ಬಿಟ್ಟರೆ ಏನೂ ಸಿಗದು. ಗುಟುಕು ನೋಡಬೇಕಾದರೆ ಮಾರ್ಚ್‌ನಿಂದ ಶುರು ಮಾಡಿ, ಪಟ್ಟಿ ಬರೆದಿಡುವ ಅಭ್ಯಾಸ ಇದ್ದರೆ ಯಾವ ಬಳೆಯ ಹಕ್ಕಿ ಯಾವ ದಿನ ಬಂತು ಅಂತ ಗುರುತು ಹಾಕುತ್ತಾ ಹೋಗಿ, ಎರಡು ತಿಂಗಳಲ್ಲಿ ನಿಮಗೇ ಕಡಲಿನ ಲಯ ಸಿಗುತ್ತದೆ. ಸೆಪ್ಟೆಂಬರಿನಲ್ಲಿ ತುಪ್ಪಳ ಉದುರಿದ ಮರಿ ರೆಕ್ಕೆ ಬಿಚ್ಚಿ ಗಾಳಿಗೆ ಒಡ್ಡಿ ಒಂದಡಿ ಮೇಲೇಳುತ್ತದೆ, ದೊಪ್ಪನೆ ಕೂರುತ್ತದೆ, ಇದು ದಿನಗಟ್ಟಲೆ ನಡೆಯುತ್ತದೆ. ಹಾರಲು ಯಾರೂ ಕಲಿಸುವುದಿಲ್ಲ. ಒಂದು ಜೋರು ಗಾಳಿಯ ದಿನ ಹೋಗಿಯೇ ಬಿಡುತ್ತದೆ, ಪೆಸಿಫಿಕ್ ದಾಟಿ ಚಿಲಿ, ಅರ್ಜೆಂಟೀನಾ ಕಡೆಗೆ, ಮುಂದಿನ ಕೆಲವು ವರ್ಷ ನೆಲ ಮುಟ್ಟುವುದಿಲ್ಲ. ಒಮ್ಮೊಮ್ಮೆ ಅದು ಹೋದದ್ದು ಗೊತ್ತಿಲ್ಲದೆ ಅಪ್ಪನೋ ಅಮ್ಮನೋ ಹೊಟ್ಟೆ ತುಂಬ ಎಣ್ಣೆ ತುಂಬಿಕೊಂಡು ಗೂಡಿಗೆ ಬರುವುದುಂಟು. ಆ ದಿನವೂ ಟ್ಯಾಬ್ ಮುಚ್ಚಬೇಡಿ, ಬಂದದ್ದು ಎಲ್‌ಜಿಕೆಯೋ ಎಲ್‌ಜಿಎಲ್ಲೋ ಅಂತ ಕಾಲು ನೋಡಿ ಬರೆದುಕೊಳ್ಳಿ.